ಜೇನು ಪ್ರಶ್ನೋತ್ತರ: ಮರಿ ಹೊರಗೆಸೆಯುವ ಕುಟುಂಬವನ್ನು ಕಳೆದುಕೊಳ್ಳಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜೇನುನೊಣದ ಮರಿಗಳ ಕೋಣೆಯಲ್ಲಿ ಬೆಳೆಯುವ ವರೋವಾ ನುಸಿಯ ಬಗ್ಗೆಯೇ ಇದ್ದವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇಡೀ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಹತ್ತಿರ ನಾಲ್ಕು ಮೆಲ್ಲಿಫೆರಾ (ಯುರೋಪಿನ ಜೇನು) ಪೆಟ್ಟಿಗೆಗಳಿವೆ. ಒಂದರ ಬಾಗಿಲ ಮುಂದೆ ದಿನಾ ಬೆಳಿಗ್ಗೆ ಬಿಳಿ ಮರಿಗಳು ಬಿದ್ದಿರುತ್ತವೆ. ಕೆಲವಕ್ಕೆ ತಲೆ ಇಲ್ಲ, ಕೆಲವನ್ನು ಅರ್ಧ ಕಚ್ಚಿ ಬಿಟ್ಟ ಹಾಗಿದೆ. ಉಳಿದ ಮೂರು ಪೆಟ್ಟಿಗೆಗಳ ಮುಂದೆ ಏನೂ ಇಲ್ಲ. ಗೊತ್ತಿರುವ ಒಬ್ಬರು "ಆ ಕುಟುಂಬ ಕೆಟ್ಟಿದೆ, ರಾಣಿಯನ್ನು ತೆಗೆದು ಬೇರೆ ರಾಣಿ ಕೊಡಿ" ಅಂತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ರಾಣಿಯನ್ನು ಮುಟ್ಟಬೇಡಿ. ನಿಮ್ಮ ನಾಲ್ಕು ಪೆಟ್ಟಿಗೆಗಳಲ್ಲಿ ಅತಿ ಒಳ್ಳೆಯ ರಾಣಿ ಅದೇ ಇರಬಹುದು.

ಮೊದಲು ಪೆಟ್ಟಿಗೆ ತೆರೆದು ಮರಿ ಇರುವ ಎರಿಯನ್ನು, ಅಂದರೆ ಮೇಣದ ಕೋಣೆಗಳ ಹಲಗೆಯನ್ನು, ಬೆಳಕಿಗೆ ಹಿಡಿದು ನೋಡಿ. ಮುಚ್ಚಳ ಹಾಕಿದ ಕೋಣೆಗಳ ನಡುವೆ ಅಲ್ಲಲ್ಲಿ ಮುಚ್ಚಳದಲ್ಲಿ ತೂತು ಬಿದ್ದಿರುತ್ತದೆ. ಕೆಲವು ಕೋಣೆ ಪೂರ್ತಿ ತೆರೆದು, ಒಳಗೆ ಬಿಳಿ ಪ್ಯೂಪಾದ (ಹುಳು ನೊಣವಾಗುವ ಮೊದಲಿನ ಹಂತದ ಮರಿಯ) ತಲೆ ಕಾಣುತ್ತಿರುತ್ತದೆ. ಇಂಥ ಒಂದು ಪ್ಯೂಪಾವನ್ನು ಚಿಮಟದಿಂದ ಮೆಲ್ಲಗೆ ಎಳೆದು ಅಂಗೈ ಮೇಲೆ ಇಟ್ಟುಕೊಳ್ಳಿ. ನಾನು ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ ಇಟ್ಟುಕೊಂಡಿರುತ್ತೇನೆ. ಆದರೆ ಕಣ್ಣು ಚೆನ್ನಾಗಿದ್ದರೆ ಅದೂ ಬೇಡ. ಕೆಂಪು ಮಿಶ್ರಿತ ಕಂದು ಬಣ್ಣದ, ಚಪ್ಪಟೆಯಾದ, ಉದ್ದಕ್ಕಿಂತ ಅಗಲ ಜಾಸ್ತಿ ಇರುವ ಒಂದು ಚುಕ್ಕೆ ಪ್ಯೂಪಾದ ಮೇಲೆ ಓಡಿದರೆ ಅದೇ ವರೋವಾ. ಉದ್ದ ಸುಮಾರು 1.1 ಮಿಲಿಮೀಟರ್, ಅಗಲ ಸುಮಾರು 1.6 ಮಿಲಿಮೀಟರ್. ಬಳಿಕ ಖಾಲಿಯಾದ ಕೋಣೆಯ ಮೇಲ್ಗೋಡೆ ನೋಡಿ. ಸುಣ್ಣದ ಚುಕ್ಕೆಯಂತೆ ಬಿಳಿ ಕಲೆ ಇದ್ದರೆ ಅದು ನುಸಿಯ ಹಿಕ್ಕೆ. ನುಸಿ ಓಡಿಹೋದ ಮೇಲೂ ಈ ಕಲೆ ಉಳಿಯುತ್ತದೆ. ಹಾಗಾಗಿ ನನಗೆ ನುಸಿಗಿಂತ ಈ ಕಲೆಯ ಮೇಲೆಯೇ ನಂಬಿಕೆ ಜಾಸ್ತಿ.

ಇವೆರಡೂ ಕಂಡರೆ ವಿಷಯ ಸ್ಪಷ್ಟ. ನಿಮ್ಮ ನೊಣಗಳು ನುಸಿ ಹೊಕ್ಕ ಕೋಣೆಯನ್ನು ಗುರುತು ಹಿಡಿದು, ಮುಚ್ಚಳ ಕಚ್ಚಿ ತೆಗೆದು, ಒಳಗಿನ ಮರಿಯನ್ನು ಎಳೆದು ಹೊರಗೆ ಹಾಕುತ್ತಿವೆ. ಇದಕ್ಕೆ ಸ್ವಚ್ಛತಾ ಗುಣ ಅನ್ನುತ್ತೇವೆ. ಕುಟುಂಬದಲ್ಲಿ ನುಸಿ ಇದೆ ಎಂಬುದು ನಿಜ. ಆದರೆ ಉಳಿದ ಮೂರು ಪೆಟ್ಟಿಗೆಗಳಲ್ಲಿ ನುಸಿ ಇಲ್ಲ ಅಂತ ಇದರ ಅರ್ಥವಲ್ಲ. ಅಲ್ಲೂ ಇರುವ ಸಾಧ್ಯತೆಯೇ ಹೆಚ್ಚು. ಅಲ್ಲಿನ ನೊಣಗಳಿಗೆ ಅದು ತಿಳಿಯುತ್ತಿಲ್ಲ, ಅಷ್ಟೇ. ಆ ಮೂರನ್ನೂ ಇದೇ ವಾರ ಪರೀಕ್ಷೆ ಮಾಡಿ.

ಬೇರೆ ಕಾರಣಗಳನ್ನೂ ತಳ್ಳಿಹಾಕಬೇಕು. ತೆರೆದ ಕೋಣೆಗಳು ಒಂದೇ ಗೆರೆಯಲ್ಲಿ ಸಾಲಾಗಿದ್ದು, ಪ್ಯೂಪಾಗಳು ಜೀವಂತ ಇದ್ದರೆ ಅದು ಮೇಣದ ಪತಂಗದ ಹುಳು ಅಡಿಯಲ್ಲಿ ಸುರಂಗ ಕೊರೆದ ಗುರುತು. ಎರಿಯ ಅಂಚಿನ ಮರಿಗಳು ಮಾತ್ರ ಸತ್ತಿದ್ದರೆ ಚಳಿ ತಗುಲಿರಬಹುದು. ಪೆಟ್ಟಿಗೆಯಲ್ಲಿ ಜೇನು, ಪರಾಗ ಎರಡೂ ಮುಗಿದಿದ್ದರೆ ನೊಣಗಳು ತಮ್ಮ ಮರಿಗಳನ್ನೇ ತಿನ್ನುತ್ತವೆ. ಹೊರಗೆ ಬಿದ್ದ ಮರಿ ಗಟ್ಟಿಯಾಗಿ ಸುಣ್ಣದ ತುಂಡಿನಂತಿದ್ದರೆ ಅದು ಚಾಕ್‌ಬ್ರೂಡ್ ಎಂಬ ಬೂಷ್ಟು ರೋಗ. ಅದನ್ನು ಹೊರಗೆ ಹಾಕುವುದೂ ಸ್ವಚ್ಛತಾ ಗುಣವೇ.

ಒಂದೊಂದು ಮರಿ ಹೋದರೂ ಲೆಕ್ಕದಲ್ಲಿ ಲಾಭ ಹೇಗೆ ಅಂತ ನಿಮಗೆ ಅನಿಸಬಹುದು. ನುಸಿಯ ಸಂಸಾರ ನಡೆಯುವ ರೀತಿ ನೋಡಿ. ಕೋಣೆಗೆ ಮುಚ್ಚಳ ಬೀಳುವ ಸ್ವಲ್ಪ ಮೊದಲು ತಾಯಿ ನುಸಿ ಒಳಗೆ ನುಸುಳಿ, ಮರಿಯ ಆಹಾರದ ಅಡಿಯಲ್ಲಿ ಅಡಗುತ್ತದೆ. ಮುಚ್ಚಳ ಬಿದ್ದು 60-70 ಗಂಟೆಯಾದ ಮೇಲೆ ಮೊದಲ ಮೊಟ್ಟೆ. ಅದರಿಂದ ಗಂಡು. ಆಮೇಲೆ ಸುಮಾರು 30 ಗಂಟೆಗೆ ಒಂದರಂತೆ ಹೆಣ್ಣು ಮೊಟ್ಟೆಗಳು. ಒಂದು ಹೆಣ್ಣು ಬಲಿಯಲು ಆರು ದಿನ ಬೇಕು. ಅಣ್ಣನಾದ ಗಂಡು ನುಸಿ ತನ್ನ ತಂಗಿಯರ ಜೊತೆ ಆ ಕೋಣೆಯೊಳಗೇ ಕೂಡುತ್ತದೆ. ಕೆಲಸಗಾರ ನೊಣ ಮುಚ್ಚಳದ ಕೆಳಗೆ ಇರುವುದು ಸುಮಾರು 12 ದಿನ. ಅಷ್ಟರಲ್ಲಿ ಬಲಿತು ಹೊರಬರುವುದು ಒಂದೋ ಎರಡೋ ಮಗಳು. ಗಂಡು ನೊಣದ ಕೋಣೆ 14-15 ದಿನ ಮುಚ್ಚಿರುತ್ತದೆ, ಅಲ್ಲಿ ಇನ್ನೂ ಜಾಸ್ತಿ. ಅದಕ್ಕೇ ನುಸಿಗೆ ಗಂಡು ಮರಿ ಅಂದರೆ ಇಷ್ಟ. ನೊಣಗಳು ಮುಚ್ಚಳ ಬಿದ್ದ ನಾಲ್ಕೈದು ದಿನದೊಳಗೆ ಕೋಣೆ ತೆರೆದರೆ ಆ ಹೊತ್ತಿಗೆ ಒಂದು ಮಗಳೂ ಬಲಿತಿರುವುದಿಲ್ಲ. ಎಳೆಯ ನುಸಿಗಳೆಲ್ಲ ಅಲ್ಲೇ ಸಾಯುತ್ತವೆ. ಒಂದು ಮರಿ ಹೋಯಿತು, ಆದರೆ ಒಂದು ಪೀಳಿಗೆಯ ನುಸಿಯೂ ಹೋಯಿತು. ಆ ಮರಿ ಬದುಕಿದ್ದರೂ ರೆಕ್ಕೆ ಮುದುಡಿದ ನೊಣವಾಗುವ ಸಂಭವ ಹೆಚ್ಚಿತ್ತು. ರೆಕ್ಕೆ ವಿಕಾರ ಮಾಡುವ ವೈರಸ್ಸನ್ನು ಹರಡುವುದೇ ಈ ನುಸಿ.

ಈಗ ನೀವು ಮಾಡಬೇಕಾದ್ದು ಇಷ್ಟು. ಆ ಪೆಟ್ಟಿಗೆಯ ನುಸಿ ಲೆಕ್ಕ ತೆಗೆಯಿರಿ, ವಿಧಾನ ಕೆಳಗಿದೆ. ಲೆಕ್ಕ ಕಡಿಮೆ ಬಂದರೆ ನೊಣಗಳು ಗೆಲ್ಲುತ್ತಿವೆ ಅಂತ ಅರ್ಥ, ಮುಂದೆ ರಾಣಿ ಬೆಳೆಸುವಾಗ ಮೊಟ್ಟೆಗಳನ್ನು ಅಲ್ಲಿಂದಲೇ ತೆಗೆದುಕೊಳ್ಳಿ. ಲೆಕ್ಕ ಜಾಸ್ತಿ ಬಂದರೆ ಚಿಕಿತ್ಸೆ ಕೊಡಿ. ಎರಡರಲ್ಲಿ ಯಾವುದೇ ಆದರೂ ರಾಣಿ ಉಳಿಯಲಿ.

ಪ್ರಶ್ನೆ: ನಾನು ಜೀವಶಾಸ್ತ್ರದ ವಿದ್ಯಾರ್ಥಿನಿ. ಪೆಟ್ಟಿಗೆಯೊಳಗೆ ಕತ್ತಲು. ಕೋಣೆಗೆ ಮೇಣದ ಮುಚ್ಚಳ ಬೇರೆ. ಒಳಗೆ ನುಸಿ ಇದೆ ಅಂತ ನೊಣಕ್ಕೆ ಹೇಗೆ ಗೊತ್ತಾಗುತ್ತದೆ ಮೇಡಂ?

ಉತ್ತರ: ವಾಸನೆಯಿಂದ. ನನಗೆ ತುಂಬಾ ಇಷ್ಟದ ಪ್ರಶ್ನೆ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ನೊಣ ಪತ್ತೆ ಹಚ್ಚುವುದು ಹೆಚ್ಚಾಗಿ ನುಸಿಯನ್ನಲ್ಲ, ನೊಂದ ಮರಿಯನ್ನು. ನುಸಿ ಕಚ್ಚಿದ, ವೈರಸ್ ತಗುಲಿದ ಮರಿಯ ಮೈವಾಸನೆ ಬದಲಾಗುತ್ತದೆ. ಸತ್ತ ಮರಿಯಿಂದ ಓಲಿಯಿಕ್ ಆಮ್ಲದ ವಾಸನೆ ಬರುತ್ತದೆ. ಹಸಿದ ಮರಿ 'ಆಹಾರ ಕೊಡಿ' ಅಂತ ಸೂಚಿಸಲು ಬಿಡುವ ಓಸಿಮೀನ್ ಎಂಬ ವಾಸನೆಯೂ ಈ ಕೆಲಸದಲ್ಲಿ ಸೇರಿಕೊಂಡಿದೆ. ಊಟ ಕೇಳುವ ವಾಸನೆ ಮುಚ್ಚಿದ ಕೋಣೆಯಿಂದ ಬಂದರೆ ಅಲ್ಲೇನೋ ಸರಿಯಿಲ್ಲ ಅಂತ ತಾನೇ? ಸ್ವಚ್ಛತಾ ಗುಣವಿರುವ ನೊಣದ ಮೀಸೆಗೆ ಸಣ್ಣ ತಂತಿ ಸೇರಿಸಿ ವಿದ್ಯುತ್ ಸಂಕೇತ ಅಳೆದವರಿದ್ದಾರೆ. ರೋಗದ ಮರಿಯ ವಾಸನೆ ತೀರಾ ಕಡಿಮೆ ಇದ್ದಾಗಲೂ ಈ ನೊಣಗಳ ಮೀಸೆ ಪ್ರತಿಕ್ರಿಯೆ ಕೊಟ್ಟಿತು. ಉಳಿದ ನೊಣಗಳಿಗೂ ವಾಸನೆ ತಿಳಿಯುತ್ತದೆ, ಆದರೆ ಅದು ಜೋರಾದ ಮೇಲೆ. ಅಷ್ಟು ಹೊತ್ತಿಗೆ ನುಸಿಯ ಕೆಲಸ ಮುಗಿದಿರುತ್ತದೆ.

ಎಲ್ಲ ನೊಣಗಳೂ ಈ ಕೆಲಸ ಮಾಡುವುದಿಲ್ಲ. ಹುಟ್ಟಿ ಸುಮಾರು 15-17 ದಿನವಾದ, ಇನ್ನೂ ಹೂವಿಗೆ ಹೋಗಲು ಶುರು ಮಾಡದ ನಡುವಯಸ್ಸಿನ ನೊಣಗಳದ್ದೇ ಈ ಪಾಳಿ. ಒಂದು ನೊಣ ಮುಚ್ಚಳದಲ್ಲಿ ಸಣ್ಣ ತೂತು ಮಾಡುತ್ತದೆ, ಇನ್ನೊಂದು ಬಂದು ಅಗಲ ಮಾಡುತ್ತದೆ, ಮತ್ತೊಂದು ಎಳೆಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಇದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ತೂತು ಮಾಡುವ ನೊಣಕ್ಕೆ ಎಳೆಯುವ ಆತುರ ಇರುವುದಿಲ್ಲ. ಎಳೆಯುವ ನೊಣ ತೂತು ಮಾಡಲು ಹೋಗದೇ ಇರಬಹುದು.

ಈ ಎರಡು ಕೆಲಸ ಬೇರೆ ಬೇರೆ ಎಂಬುದರ ಹಿಂದೆ ಒಳ್ಳೆಯ ಕಥೆಯಿದೆ. ಅಮೆರಿಕದ ಅಯೋವಾದಲ್ಲಿ 1930ರ ದಶಕದಲ್ಲೇ ಕೆಲವು ಕುಟುಂಬಗಳು ಫೌಲ್‌ಬ್ರೂಡ್ ಎಂಬ ಕೊಳೆರೋಗವನ್ನು ತಡೆದುಕೊಳ್ಳುವುದನ್ನು ಗಮನಿಸಿದ್ದರು. ಆಗ ಅಲ್ಲಿ ವರೋವಾದ ಸುದ್ದಿಯೇ ಇರಲಿಲ್ಲ. ಮುಂದೆ ವಾಲ್ಟರ್ ರೋಥನ್‌ಬುಲರ್ ಎಂಬ ವಿಜ್ಞಾನಿ ಮರಿ ತೆಗೆಯುವ ತಳಿಗೂ ತೆಗೆಯದ ತಳಿಗೂ ಸಂಕರ ಮಾಡಿದರು. ಮೊದಲ ಪೀಳಿಗೆಯಲ್ಲಿ ಗುಣ ಮರೆಯಾಯಿತು. ಆ ಪೀಳಿಗೆಯನ್ನು ಮತ್ತೆ ಮರಿ ತೆಗೆಯುವ ತಳಿಯ ಜೊತೆ ಕೂಡಿಸಿದಾಗ 29 ಕುಟುಂಬಗಳು ಸಿಕ್ಕವು. ಕೆಲವು ಮುಚ್ಚಳವನ್ನೂ ತೆಗೆದು ಮರಿಯನ್ನೂ ಎಸೆದವು. ಕೆಲವು ಮುಚ್ಚಳ ತೆಗೆದು ಸುಮ್ನೆ ಬಿಟ್ಟವು. ಮುಚ್ಚಳ ಮುಟ್ಟದ ಕುಟುಂಬಗಳಲ್ಲಿ ರೋಥನ್‌ಬುಲರ್ ತಾವೇ ಮುಚ್ಚಳ ತೆಗೆದು ಕೊಟ್ಟರು. ಅವುಗಳಲ್ಲಿ ಕೆಲವು ಆಗ ಮರಿಯನ್ನು ಎಳೆದು ಹಾಕಿದವು! 1964ರಲ್ಲಿ ಪ್ರಕಟವಾದ ಈ ಕೆಲಸ, ಒಂದು ನಡವಳಿಕೆ ಮೆಂಡೆಲ್ ಹೇಳಿದ ರೀತಿಯಲ್ಲೇ ತಾಯಿ ತಂದೆಯಿಂದ ಬರಬಹುದು ಎಂಬುದಕ್ಕೆ ಪಠ್ಯಪುಸ್ತಕದ ಉದಾಹರಣೆಯಾಯಿತು. ಎರಡೇ ಜೀನ್ ಸಾಕು ಎಂದು ಅವರು ಲೆಕ್ಕ ಹಾಕಿದ್ದರು. ಆಮೇಲಿನ ಅಧ್ಯಯನಗಳಲ್ಲಿ ಇನ್ನೂ ಹಲವು ಜೀನ್‌ಗಳ ಪಾಲು ಕಂಡಿದೆ. ನಿಮ್ಮ ಪುಸ್ತಕದಲ್ಲಿ ಇನ್ನೂ ಎರಡೇ ಅಂತ ಇದ್ದರೆ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ.

ಪ್ರಶ್ನೆ: ಮರಿಯನ್ನು ಎಳೆದು ಹಾಕಿದಾಗ ಒಳಗಿನ ನುಸಿ ಸಾಯುತ್ತದೆಯೇ?

ಉತ್ತರ: ಎಳೆಯ ನುಸಿಗಳು ಸಾಯುತ್ತವೆ. ತಾಯಿ ನುಸಿ ಹೆಚ್ಚಾಗಿ ತಪ್ಪಿಸಿಕೊಂಡು ಯಾವುದೋ ನೊಣದ ಮೈಯೇರಿ, ಇನ್ನೊಂದು ಕೋಣೆ ಹುಡುಕುತ್ತದೆ. ಆದರೆ ಆ ಸುತ್ತು ಅದಕ್ಕೆ ವ್ಯರ್ಥ. ಒಂದು ನುಸಿ ತನ್ನ ಬದುಕಿನಲ್ಲಿ ಮೊಟ್ಟೆಯಿಡುವ ಸುತ್ತುಗಳೇ ಕೆಲವೇ ಕೆಲವು. ಹೊರಗಿದ್ದಷ್ಟು ಹೊತ್ತು ನೊಣಗಳ ಬಾಯಿಗೆ ಸಿಗುವ ಅಪಾಯವೂ ಇದೆ. ಕಚ್ಚಿ ಕಾಲು ಮುರಿದ ನುಸಿಗಳು ಅಡಿಹಲಗೆಯ ಮೇಲೆ ಸಿಕ್ಕರೆ ಗಮನಿಸಿ. ಹಾಗೆ ಕಚ್ಚುವ ನೊಣಗಳನ್ನೇ ಆರಿಸಿ ತಳಿ ಮಾಡುವ ಕೆಲಸ ಅಮೆರಿಕದ ಇಂಡಿಯಾನಾದಲ್ಲಿ ನಡೆದಿದೆ.

ಪ್ರಶ್ನೆ: ನನ್ನ ಎರಿಯಲ್ಲಿ ಕೆಲವು ಮುಚ್ಚಳಗಳಿಗೆ ತೂತು ಬಿದ್ದಿದ್ದವು. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಮುಚ್ಚಿಬಿಟ್ಟಿವೆ. ಒಳಗಿನ ಮರಿ ಹಾಗೇ ಇದೆ. ನೊಣಗಳು ಮರಿಯನ್ನು ತೆಗೆಯದೆ ಬಿಟ್ಟರೆ ಏನು ಪ್ರಯೋಜನ?

ಉತ್ತರ: ಪ್ರಯೋಜನ ಇದೆ. ನೀವು ಇಷ್ಟು ಗಮನಿಸಿ ನೋಡಿದ್ದೇ ಖುಷಿ.

ಇದನ್ನು ಮರುಮುಚ್ಚುವಿಕೆ ಅನ್ನಬಹುದು. ಮುಚ್ಚಳವನ್ನು ತಿರುಗಿಸಿ ಒಳಭಾಗ ನೋಡಿದರೆ ಗುರುತು ಸಿಗುತ್ತದೆ. ಹುಳು ತಾನೇ ನೇಯ್ದ ರೇಷ್ಮೆಯ ಹೊಳಪು ಮುಚ್ಚಳದ ಒಳಗೆಲ್ಲಾ ಇರಬೇಕು. ಮಧ್ಯದಲ್ಲಿ ರೇಷ್ಮೆ ಇಲ್ಲದೆ ಮಂಕು ಮೇಣದ ತೇಪೆ ಕಂಡರೆ ಅದು ತೆರೆದು ಮತ್ತೆ ಮುಚ್ಚಿದ ಕೋಣೆ. ನಾರ್ವೆ, ಸ್ವೀಡನ್, ಫ್ರಾನ್ಸ್ ದೇಶಗಳಲ್ಲಿ ಔಷಧಿಯಿಲ್ಲದೆ ವರ್ಷಾನುಗಟ್ಟಲೆ ಬದುಕಿದ ಕುಟುಂಬಗಳನ್ನು ನೋಡಿದಾಗ ಅವುಗಳಲ್ಲೆಲ್ಲ ಈ ಮರುಮುಚ್ಚುವಿಕೆ ಜಾಸ್ತಿ ಇತ್ತು. 2018ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮುಚ್ಚಳ ತೆರೆದು ಮುಚ್ಚಿದರೆ ಮರಿ ಉಳಿಯುತ್ತದೆ, ನುಸಿಯ ಸಂತಾನ ಮಾತ್ರ ಕಡಿಮೆಯಾಗುತ್ತದೆ. ಕುಟುಂಬಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಇದು ಮೊದಲೇ ನಮ್ಮ ಕಣ್ಣಿಗೆ ಬೀಳಬೇಕಿತ್ತು ಅಂತ ನನಗೆ ಆಗಾಗ ಅನಿಸುತ್ತದೆ. ಎಲ್ಲರೂ ಹೊರಗೆ ಬಿದ್ದ ಮರಿಗಳನ್ನು ಎಣಿಸುತ್ತಿದ್ದರು, ಮುಚ್ಚಳ ತಿರುಗಿಸಿ ನೋಡಿದವರು ಕಡಿಮೆ.

ಪ್ರಶ್ನೆ: ನನ್ನ ಯಾವ ಪೆಟ್ಟಿಗೆಯಲ್ಲಿ ಈ ಗುಣ ಇದೆ ಅಂತ ನಾನೇ ಪರೀಕ್ಷೆ ಮಾಡಬಹುದೇ? ದ್ರವ ಸಾರಜನಕ ಬೇಕು ಅಂತ ಕೇಳಿದ್ದೇನೆ, ಅದು ನನಗೆ ಸಿಗುವುದಿಲ್ಲ.

ಉತ್ತರ: ಮಾಡಬಹುದು, ಮಾಡಲೇಬೇಕು. ದ್ರವ ಸಾರಜನಕದ ವಿಧಾನ ಚೆನ್ನಾಗಿದೆ. ಮುಚ್ಚಿದ ಮರಿಗಳ ಮೇಲೆ ಒಂದು ಕೊಳವೆ ಒತ್ತಿ ಅದರೊಳಗೆ ಸಾರಜನಕ ಸುರಿಯುತ್ತಾರೆ. ಸುಮಾರು 160 ಮರಿಗಳು ಹೆಪ್ಪುಗಟ್ಟಿ ಸಾಯುತ್ತವೆ. ಮರುದಿನ ಅದೇ ಹೊತ್ತಿಗೆ ನೋಡಿದಾಗ 100ಕ್ಕೆ 95ಕ್ಕಿಂತ ಹೆಚ್ಚು ಕೋಣೆ ಖಾಲಿಯಾಗಿರಬೇಕು, ಎರಡು ಸಲ ಮಾಡಿದರೂ ಹಾಗೇ ಬರಬೇಕು. ಅಂಥ ಕುಟುಂಬವನ್ನು ಸ್ವಚ್ಛತಾ ಗುಣದ್ದು ಅನ್ನುತ್ತಾರೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಮಾರ್ಲಾ ಸ್ಪಿವಾಕ್ ಅವರು ಇಂಥ ಪರೀಕ್ಷೆಗಳಿಂದಲೇ ಆರಿಸಿ ಆರಿಸಿ ಒಂದು ತಳಿ ಕಟ್ಟಿದರು.

ನಿಮಗೆ ಎರಡು ದಾರಿ ಇವೆ. ಒಂದು, ಮನೆಯ ಫ್ರೀಜರ್. ಎರಿಯಿಂದ ಮುಚ್ಚಿದ ಮರಿಗಳ ಒಂದು ತುಂಡು, ಒಂದು ಪಕ್ಕಕ್ಕೆ ಸುಮಾರು ನೂರು ಕೋಣೆ ಬರುವಷ್ಟು, ಕತ್ತರಿಸಿ ಒಂದು ದಿನ ಫ್ರೀಜರಿನಲ್ಲಿಡಿ. ಕರಗಿದ ಮೇಲೆ ಪರೀಕ್ಷೆ ಮಾಡುವ ಪೆಟ್ಟಿಗೆಯ ಮರಿ ಎರಿಯಲ್ಲಿ ಅದೇ ಗಾತ್ರದ ಕಿಂಡಿ ಮಾಡಿ ಕೂರಿಸಿ. ಎರಡು ದಿನದಲ್ಲಿ ಪೂರ್ತಿ ಖಾಲಿ ಮಾಡಿದರೆ ಒಳ್ಳೆಯ ಲಕ್ಷಣ. ಎರಡು, ಸೂಜಿ. ಕೀಟ ಸಂಗ್ರಹಕ್ಕೆ ಬಳಸುವ ತೆಳುವಾದ ಪಿನ್ ತೆಗೆದುಕೊಂಡು, ಕಣ್ಣು ಬಿಳಿ ಅಥವಾ ತಿಳಿ ಗುಲಾಬಿ ಇರುವ ವಯಸ್ಸಿನ ಪ್ಯೂಪಾಗಳನ್ನು ಮುಚ್ಚಳದ ಮೂಲಕವೇ ಚುಚ್ಚಿ. ಒಂದೊಂದು ಪೆಟ್ಟಿಗೆಯಲ್ಲಿ 50 ಅಥವಾ 100 ಕೋಣೆ. ಪಕ್ಕದಲ್ಲಿ ಅಷ್ಟೇ ಕೋಣೆಗಳನ್ನು ಚುಚ್ಚದೆ ಬಿಟ್ಟು ಗುರುತು ಹಾಕಿ. ಇಲ್ಲದಿದ್ದರೆ ನೊಣಗಳು ಸುಮ್ಮನೆ ತೆಗೆದ ಮರಿ ಯಾವುದು, ಸತ್ತಿದ್ದಕ್ಕೆ ತೆಗೆದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ನಾನು ಚೌಕಟ್ಟಿನ ಮೇಲಿನ ಪಟ್ಟಿಯಲ್ಲಿ ದಿನ, ಗಂಟೆ, ಚುಚ್ಚಿದ ಕೋಣೆಗಳ ಸಂಖ್ಯೆ ಬರೆದು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡುತ್ತೇನೆ. ಮರುದಿನ ಅದೇ ಕೋನದಿಂದ ಇನ್ನೊಂದು ಫೋಟೋ. ಎರಡನ್ನೂ ಹತ್ತಿರ ಇಟ್ಟು ಎಣಿಸುವುದು ಸುಲಭ.

ಒಂದು ಕಟ್ಟುನಿಟ್ಟಿನ ಮಾತು. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಪರೀಕ್ಷೆ ಮಾಡಿ. ಹೂವು ಚೆನ್ನಾಗಿರುವ ಕಾಲದಲ್ಲಿ ಎಲ್ಲ ಕುಟುಂಬಗಳೂ ಚುರುಕಾಗಿರುತ್ತವೆ, ಬರದ ಕಾಲದಲ್ಲಿ ಸೋಮಾರಿಗಳಾಗುತ್ತವೆ. ಬೇರೆ ಬೇರೆ ದಿನದ ಲೆಕ್ಕಗಳನ್ನು ಹೋಲಿಸಿದರೆ ನೀವು ರಾಣಿಯನ್ನಲ್ಲ, ಹವಾಮಾನವನ್ನು ಆರಿಸಿದ ಹಾಗೆ. ಚುಚ್ಚಿದಾಗ ಪ್ಯೂಪಾದಿಂದ ರಸ ಒಸರುತ್ತದೆ, ಅದರ ವಾಸನೆಗೆ ಸಾಧಾರಣ ನೊಣವೂ ಬರುತ್ತದೆ. ಹಾಗಾಗಿ ಸೂಜಿ ಪರೀಕ್ಷೆಯ ಅಂಕ ಸ್ವಲ್ಪ ಉದಾರ. ತೆಳುವಾದ ಪಿನ್ ಬಳಸಿ ಅಂದದ್ದು ಅದಕ್ಕೇ.

ಇನ್ನೊಂದು ವಿಷಯ ಎಲ್ಲಕ್ಕಿಂತ ಮುಖ್ಯ. ಸತ್ತ ಮರಿಯನ್ನು ತೆಗೆಯುವುದು ಬೇರೆ, ಬದುಕಿರುವ ಮರಿಯ ಜೊತೆ ಅಡಗಿರುವ ನುಸಿಯನ್ನು ಪತ್ತೆ ಮಾಡುವುದು ಬೇರೆ. ಮೊದಲನೆಯದರಲ್ಲಿ ಚೆನ್ನಾಗಿ ಪಾಸಾದ ಕುಟುಂಬ ಎರಡನೆಯದರಲ್ಲಿ ಸಾಧಾರಣ ಇರಬಹುದು. ನುಸಿಯನ್ನೇ ಗುರಿ ಮಾಡುವ ಗುಣಕ್ಕೆ ವಿಎಸ್‌ಎಚ್ (ವರೋವಾ ಸೆನ್ಸಿಟಿವ್ ಹೈಜೀನ್) ಎಂಬ ಹೆಸರಿದೆ. ಅದು ಬೆಳಕಿಗೆ ಬಂದ ರೀತಿ ಕೇಳಿ. 1990ರ ದಶಕದಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್ ಪ್ರಯೋಗಾಲಯದಲ್ಲಿ ಜಾನ್ ಹಾರ್ಬೊ ಮತ್ತು ಜೆಫ್ರಿ ಹ್ಯಾರಿಸ್ ನುಸಿ ಹೆಚ್ಚಾಗದ ಕುಟುಂಬಗಳನ್ನು ಹುಡುಕುತ್ತಿದ್ದರು. ಕೆಲವು ಕುಟುಂಬಗಳ ಕೋಣೆ ತೆರೆದು ನೋಡಿದರೆ ತಾಯಿ ನುಸಿ ಇದೆ, ಆದರೆ ಮಕ್ಕಳೇ ಇಲ್ಲ. ಮರಿಯಲ್ಲೇ ಏನೋ ಇದೆ, ಅದು ನುಸಿಯನ್ನು ಬಂಜೆ ಮಾಡುತ್ತಿದೆ ಅಂತ ಅಂದುಕೊಂಡು ಹಾಗೇ ಹೆಸರನ್ನೂ ಇಟ್ಟರು. 2005ರಲ್ಲಿ ಅವರೇ ನಿಜವಾದ ಕಾರಣ ಬರೆದರು. ಆ ನೊಣಗಳು ಮಕ್ಕಳಿರುವ ನುಸಿಗಳ ಕೋಣೆಗಳನ್ನು ಆರಿಸಿ ತೆರೆದು ಹಾಕುತ್ತಿದ್ದವು. ಮೊಟ್ಟೆಯಿಡದ ನುಸಿಗಳ ಕೋಣೆಗಳು ಮಾತ್ರ ಉಳಿಯುತ್ತಿದ್ದವು. ವಿಜ್ಞಾನಿಗಳು ನೋಡುತ್ತಿದ್ದದ್ದು ನೊಣಗಳು ಆರಿಸಿ ಬಿಟ್ಟದ್ದನ್ನು! ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಪೆಟ್ಟಿಗೆ ಹತ್ತಿರ ಹೋಗಿ ನಿಂತಿದ್ದೆ.

ಆದ್ದರಿಂದ ಫ್ರೀಜರ್ ಅಥವಾ ಸೂಜಿಯಲ್ಲಿ ಗೆದ್ದ ಕುಟುಂಬಗಳನ್ನು ಮೊದಲ ಪಟ್ಟಿ ಮಾಡಿ. ಅವುಗಳಲ್ಲಿ ನುಸಿ ಲೆಕ್ಕ ತಿಂಗಳು ತಿಂಗಳೂ ಯಾವುದರಲ್ಲಿ ಏರುವುದಿಲ್ಲವೋ ಅದರಿಂದ ರಾಣಿ ಬೆಳೆಸಿ.

ಪ್ರಶ್ನೆ: ತುಡುವೆ ಜೇನಿಗೆ ಈ ನುಸಿ ಏನೂ ಮಾಡುವುದಿಲ್ಲ ಅಂತಾರಲ್ಲ, ಯಾಕೆ?

ಉತ್ತರ: ನುಸಿ ಮೊದಲಿನಿಂದಲೂ ಏಷ್ಯಾದ ತುಡುವೆಯ ಜೊತೆಗೇ ಬೆಳೆದದ್ದು. ತುಡುವೆಯ ಕೆಲಸಗಾರ ಮರಿಗೆ ನುಸಿ ತಗುಲಿದರೆ ಅದು ತಡೆದುಕೊಳ್ಳುವುದೇ ಇಲ್ಲ, ಬೇಗ ಕುಸಿಯುತ್ತದೆ. ನೊಣಗಳಿಗೆ ತಕ್ಷಣ ತಿಳಿದು ಎತ್ತಿ ಹಾಕುತ್ತವೆ. ಮರಿ ನಾಜೂಕಾಗಿರುವುದೇ ಕುಟುಂಬಕ್ಕೆ ರಕ್ಷಣೆ! ಮೆಲ್ಲಿಫೆರಾದ ಮರಿ ಗಟ್ಟಿ, ನುಸಿಯನ್ನು ಹೊತ್ತುಕೊಂಡೇ ಬೆಳೆಯುತ್ತದೆ, ಅದೇ ಅದಕ್ಕೆ ಮುಳುವು.

ಹಾಗಾಗಿ ತುಡುವೆಯಲ್ಲಿ ನುಸಿಗೆ ಉಳಿದ ಜಾಗ ಗಂಡು ಮರಿಯ ಕೋಣೆ ಮಾತ್ರ. ಗಂಡು ಮರಿಗಳು ಕೆಲವು ಕಾಲದಲ್ಲಷ್ಟೇ ಇರುತ್ತವೆ. ಆ ಕೋಣೆಯ ಮುಚ್ಚಳ ಗಟ್ಟಿ, ನಡುವೆ ಒಂದು ಸಣ್ಣ ರಂಧ್ರ. ನುಸಿಗಳು ಜಾಸ್ತಿಯಾಗಿ ಗಂಡು ಮರಿ ಬಲ ಕಳೆದುಕೊಂಡರೆ ಅದಕ್ಕೆ ಮುಚ್ಚಳ ಕಚ್ಚಿ ಬರಲು ಆಗುವುದಿಲ್ಲ. ಕೆಲಸಗಾರ ನೊಣಗಳೂ ತೆರೆಯುವುದಿಲ್ಲ. ಮರಿ, ನುಸಿ ಎಲ್ಲ ಒಳಗೇ ಸಮಾಧಿ. ಜೊತೆಗೆ ತುಡುವೆ ನೊಣಗಳು ಒಂದರ ಮೈಯನ್ನೊಂದು ಚೆನ್ನಾಗಿ ಶುಚಿ ಮಾಡಿಕೊಳ್ಳುತ್ತವೆ.

ವರೋವಾ ಕುಲದ ನುಸಿಯನ್ನು 1904ರಲ್ಲಿ ಜಾವಾದ ತುಡುವೆಯಿಂದ ಮೊದಲು ವರ್ಣಿಸಿ ವರೋವಾ ಜಾಕೋಬ್ಸೋನಿ ಎಂದು ಕರೆದರು. ಮೆಲ್ಲಿಫೆರಾವನ್ನು ಏಷ್ಯಾಕ್ಕೆ ತಂದು ತುಡುವೆಯ ಪಕ್ಕದಲ್ಲಿ ಇಟ್ಟ ಮೇಲೆ ನುಸಿ ಆ ಕಡೆಗೆ ದಾಟಿತು. ದಾಟಿದ್ದು ಬೇರೆ ಜಾತಿಯ ನುಸಿ ಅಂತ 2000ದಲ್ಲಿ ಡೆನಿಸ್ ಆಂಡರ್ಸನ್ ಮತ್ತು ಜಾನ್ ಟ್ರೂಮನ್ ತೋರಿಸಿ, ಅದಕ್ಕೆ ವರೋವಾ ಡಿಸ್ಟ್ರಕ್ಟರ್ ಎಂಬ ಹೆಸರು ಕೊಟ್ಟರು. ಅಮೆರಿಕಕ್ಕೆ 1987ರಲ್ಲಿ, ಬ್ರಿಟನ್ನಿಗೆ 1992ರಲ್ಲಿ, ನ್ಯೂಜಿಲೆಂಡಿಗೆ 2000ದಲ್ಲಿ ಕಾಲಿಟ್ಟಿತು. ಬಹುಕಾಲ ತಪ್ಪಿಸಿಕೊಂಡಿದ್ದ ಆಸ್ಟ್ರೇಲಿಯಾದಲ್ಲೂ 2022ರಲ್ಲಿ ಸಿಕ್ಕಿತು. ಪೂರ್ತಿ ತೊಲಗಿಸುವ ಪ್ರಯತ್ನವನ್ನು 2023ರಲ್ಲಿ ಅಲ್ಲಿ ಕೈಬಿಟ್ಟರು. ಹೀಗಿರುವಾಗ ನುಸಿಯೊಂದಿಗೆ ಬಾಳಬಲ್ಲ ನೊಣ ಬೇಕು ಅನ್ನುವುದು ಎಲ್ಲ ಕಡೆಯ ಮಾತು.

ಪ್ರಶ್ನೆ: ಸ್ವಚ್ಛತಾ ಗುಣದ ರಾಣಿ ತಂದು ಪೆಟ್ಟಿಗೆಗೆ ಕೊಟ್ಟಿದ್ದೇನೆ. ಇನ್ನು ನುಸಿಗೆ ಔಷಧಿ ಬೇಡ ಅಲ್ವಾ? ಲೆಕ್ಕ ತೆಗೆಯುವುದೂ ಬೇಡ ಅಂದುಕೊಂಡಿದ್ದೇನೆ.

ಉತ್ತರ: ಖಂಡಿತ ಹಾಗೆ ಮಾಡಬೇಡಿ. ಈ ಒಂದು ತಪ್ಪು ತಿಳಿವಳಿಕೆಯಿಂದ ಒಳ್ಳೆಯ ರಾಣಿಗಳ ಕುಟುಂಬಗಳೇ ಸತ್ತದ್ದನ್ನು ನೋಡಿ ನನಗೆ ಸಂಕಟವಾಗಿದೆ.

ರಾಣಿ ಬಂದ ದಿನವೇ ಗುಣ ಬರುವುದಿಲ್ಲ. ಅವಳ ಮೊಟ್ಟೆ ನೊಣವಾಗಲು 21 ದಿನ, ಆ ನೊಣಕ್ಕೆ ಈ ಕೆಲಸದ ವಯಸ್ಸು ಬರಲು ಇನ್ನೆರಡು ವಾರ. ಹಳೆಯ ರಾಣಿಯ ನೊಣಗಳು ಹೋಗಿ ಹೊಸವು ತುಂಬಲು ಒಂದೂವರೆ, ಎರಡು ತಿಂಗಳು. ಅಷ್ಟರಲ್ಲಿ ನುಸಿ ಕಾಯುತ್ತಾ ಕೂರುವುದಿಲ್ಲ.

ರಾಣಿ ಕೂಡುವುದು ಒಂದೇ ಗಂಡಿನ ಜೊತೆಯಲ್ಲ, ಹತ್ತಿಪ್ಪತ್ತು ಗಂಡುಗಳ ಜೊತೆ. ಆದ್ದರಿಂದ ಪೆಟ್ಟಿಗೆಯಲ್ಲಿ ಒಂದೇ ತಾಯಿಯ, ಬೇರೆ ಬೇರೆ ತಂದೆಯರ ಮಕ್ಕಳಿರುತ್ತಾರೆ. ಎಲ್ಲರಿಗೂ ಈ ಗುಣ ಬೇಕಿಲ್ಲ, ಸಾಕಷ್ಟು ನೊಣಗಳಿಗೆ ಇದ್ದರೆ ಕುಟುಂಬ ನಿಭಾಯಿಸುತ್ತದೆ. ಆದರೆ ಆ ರಾಣಿ ಹಾರಿಹೋಗಿ ಅಥವಾ ಸತ್ತು, ಮಗಳು ರಾಣಿಯಾಗಿ ಸಿಕ್ಕ ಸಿಕ್ಕ ಗಂಡುಗಳ ಜೊತೆ ಕೂಡಿದರೆ ಗುಣ ತೆಳುವಾಗುತ್ತದೆ. ಮೊಮ್ಮಗಳ ಹೊತ್ತಿಗೆ ಇನ್ನೂ ತೆಳು. ಸುತ್ತಮುತ್ತ ಜೇನು ಸಾಕುವವರೆಲ್ಲ ಸೇರಿ ಒಳ್ಳೆಯ ಕುಟುಂಬಗಳಿಂದಲೇ ಗಂಡು ನೊಣಗಳನ್ನು ಬೆಳೆಸಿದರೆ ಮಾತ್ರ ಇದು ನಿಲ್ಲುತ್ತದೆ. ಒಬ್ಬರೇ ರಾಣಿ ತರುತ್ತಾ ಇದ್ದರೆ ತರುತ್ತಲೇ ಇರಬೇಕಾಗುತ್ತದೆ.

ಲೆಕ್ಕ ತೆಗೆಯುವುದು ಕಷ್ಟವಲ್ಲ. ಮರಿ ಎರಿಯಿಂದ ಅರ್ಧ ಕಪ್ ನೊಣ, ಅಂದರೆ ಸುಮಾರು 300, ಬಾಯಿಗೆ ಜಾಲರಿ ಇರುವ ಡಬ್ಬಿಗೆ ಹಾಕಿ. ರಾಣಿ ಆ ಎರಿಯಲ್ಲಿಲ್ಲ ಅಂತ ಮೊದಲು ಎರಡೆರಡು ಸಲ ನೋಡಿ. ಪುಡಿ ಸಕ್ಕರೆ ಉದುರಿಸಿ, ಡಬ್ಬಿ ಉರುಳಿಸಿ, ಒಂದೆರಡು ನಿಮಿಷ ಬಿಟ್ಟು, ಜಾಲರಿಯ ಮೂಲಕ ಬಿಳಿ ತಟ್ಟೆಗೆ ಜೋರಾಗಿ ಅಲ್ಲಾಡಿಸಿ. ನೊಣಗಳನ್ನು ವಾಪಸ್ ಪೆಟ್ಟಿಗೆಗೆ ಬಿಡಬಹುದು. ಆಲ್ಕೋಹಾಲಿನಲ್ಲಿ ತೊಳೆದರೆ ಲೆಕ್ಕ ಇನ್ನೂ ನಿಖರ, ಆದರೆ ಆ ನೊಣಗಳು ಸಾಯುತ್ತವೆ. ತಟ್ಟೆಯಲ್ಲಿ 9 ನುಸಿ ಸಿಕ್ಕರೆ 100 ನೊಣಕ್ಕೆ 3 ಅಂತ. ಅಲ್ಲಿಗೆ ಬಂದರೆ ಕೈಕಟ್ಟಿ ಕೂರಬೇಡಿ. ನಾನಂತೂ 2 ದಾಟಿದ ಕೂಡಲೇ ಚಿಕಿತ್ಸೆಗೆ ಇಳಿಯುತ್ತೇನೆ. ಮರಿ ತುಂಬಿರುವ ಕಾಲದಲ್ಲಿ ಹೆಚ್ಚಿನ ನುಸಿಗಳು ಮುಚ್ಚಳದ ಕೆಳಗೇ ಇರುತ್ತವೆ, ತಟ್ಟೆಗೆ ಬಿದ್ದದ್ದು ಸ್ವಲ್ಪ ಭಾಗ ಮಾತ್ರ. ನುಸಿಗೆ ಕೊಡುವ ಔಷಧಿಗಳಲ್ಲಿ ಆಕ್ಸಾಲಿಕ್ ಆಮ್ಲ ಮುಚ್ಚಳದ ಒಳಗೆ ಹೋಗುವುದಿಲ್ಲ, ಫಾರ್ಮಿಕ್ ಆಮ್ಲದ ಆವಿ ಹೋಗುತ್ತದೆ. ಯಾವ ಕಾಲಕ್ಕೆ ಯಾವುದು ಅಂತ ಇದನ್ನು ನೆನಪಿಟ್ಟುಕೊಂಡು ನಿರ್ಧರಿಸಿ. ಪೊಟ್ಟಣದ ಮೇಲೆ ಬರೆದ ಪ್ರಮಾಣವನ್ನು ಮೀರಬೇಡಿ. ಒಂದೇ ಔಷಧಿಯನ್ನು ವರ್ಷವರ್ಷವೂ ಬಳಸಿದರೆ ನುಸಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಫ್ಲೂವಾಲಿನೇಟ್ ಎಂಬ ನುಸಿನಾಶಕದ ವಿಷಯದಲ್ಲಿ ಹಲವು ದೇಶಗಳಲ್ಲಿ ಹೀಗಾಗಿದೆ.

"ಔಷಧಿ ಕೊಡದೆ ಬಿಟ್ಟರೆ ಗಟ್ಟಿ ನೊಣಗಳು ತಾವೇ ಉಳಿಯುತ್ತವೆ" ಅಂತ ಇನ್ನೊಬ್ಬರು ಬರೆದಿದ್ದಾರೆ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ 1999ರಲ್ಲಿ 150 ಕುಟುಂಬಗಳನ್ನು ಹೀಗೇ ಬಿಟ್ಟು ನೋಡಿದರು. ಕೆಲವೇ ವರ್ಷಗಳಲ್ಲಿ ಬಹುಪಾಲು ಸತ್ತವು. ಉಳಿದ ಬೆರಳೆಣಿಕೆಯಷ್ಟರ ಸಂತತಿ ಇಂದಿಗೂ ವಿಜ್ಞಾನಕ್ಕೆ ದೊಡ್ಡ ಆಸ್ತಿ. ಆದರೆ ಅದು ಒಂದು ದ್ವೀಪ. ಸಾಯುವ ಕುಟುಂಬದ ನುಸಿ ಬೇರೆಯವರ ಪೆಟ್ಟಿಗೆಗೆ ಹೋಗುವ ದಾರಿ ಅಲ್ಲಿ ಇರಲಿಲ್ಲ. ಅಕ್ಕಪಕ್ಕ ಪೆಟ್ಟಿಗೆಗಳಿರುವಲ್ಲಿ ನಿಮ್ಮ ಸಾಯುತ್ತಿರುವ ಕುಟುಂಬದ ಜೇನು ದೋಚಲು ಬಂದ ನೊಣಗಳು ನುಸಿಯನ್ನೂ ಹೊತ್ತುಕೊಂಡು ಹೋಗುತ್ತವೆ. ಸೋತ ಕುಟುಂಬಕ್ಕೆ ಚಿಕಿತ್ಸೆ ಕೊಟ್ಟು ಉಳಿಸಿ, ರಾಣಿಯನ್ನು ಮಾತ್ರ ಬದಲಾಯಿಸಿ. ಆಯ್ಕೆಯೂ ಆಯಿತು, ನೊಣಗಳೂ ಉಳಿದವು.

ಪ್ರಶ್ನೆ: ಇಷ್ಟೊಂದು ಮರಿ ಎಸೆದರೆ ಜೇನು ಇಳುವರಿ ಕಡಿಮೆಯಾಗುವುದಿಲ್ಲವೇ?

ಉತ್ತರ: ಮಿನ್ನೆಸೋಟದ ಹೋಲಿಕೆಗಳಲ್ಲಿ ಸ್ವಚ್ಛತಾ ಗುಣದ ಕುಟುಂಬಗಳು ಉಳಿದವಕ್ಕಿಂತ ಕಡಿಮೆ ಜೇನು ಕೊಡಲಿಲ್ಲ. ಆರೋಗ್ಯವಂತ ಮರಿಗಳನ್ನು ಈ ನೊಣಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ವಿಎಸ್‌ಎಚ್ ಗುಣ ತೀರಾ ಬಲವಾಗಿರುವ ಕುಟುಂಬದಲ್ಲಿ ನುಸಿ ಈಗಾಗಲೇ ವಿಪರೀತ ಇದ್ದರೆ, ಎರಿ ಜರಡಿಯಂತಾಗಿ ನೊಣಗಳ ಸಂಖ್ಯೆ ಇಳಿಯಬಹುದು. ಆದ್ದರಿಂದ ಇಂಥ ರಾಣಿ ಕೊಡುವ ಮೊದಲು ಆ ಪೆಟ್ಟಿಗೆಯ ನುಸಿಯನ್ನು ಚಿಕಿತ್ಸೆಯಿಂದ ಇಳಿಸಿಕೊಳ್ಳಿ, ಆಮೇಲೆ ರಾಣಿ ಕೊಡಿ.